ದಡಾರ, ಬೆಣ್ಣೆ ಮತ್ತು ವಿಟಮಿನ್ ಎ

ವಿಟಮಿನ್ ಎ ಕೊರತೆಗೂ ಸೋಂಕಿಗೂ ಇರುವ ನಂಟು ಢಾಳಾಗಿ ಕಂಡದ್ದು ಮೊದಲ ಮಹಾಯುದ್ಧದ ಕಾಲದ ಡೆನ್ಮಾರ್ಕಿನಲ್ಲಿ. ದೇಶದ ಬೆಣ್ಣೆ ಒಳ್ಳೆಯ ಬೆಲೆಗೆ ಹೊರಗೆ ಸಾಗುತ್ತಿತ್ತು. ಬಡಮನೆಗಳ ಮಕ್ಕಳಿಗೆ ದಕ್ಕುತ್ತಿದ್ದುದು ವಿಟಮಿನ್ ಎ ಅಷ್ಟಾಗಿ ಇಲ್ಲದ ಕೆನೆ ತೆಗೆದ ಹಾಲು, ಮಾರ್ಗರೀನ್. ಇಂಥ ಮಕ್ಕಳ ಕಣ್ಣು ಒಣಗಿ ಹುಣ್ಣಾಗುವುದನ್ನು ಕೋಪನ್‌ಹೇಗನ್ನಿನ ವೈದ್ಯ ಕಾರ್ಲ್ ಬ್ಲಾಕ್ ಗಮನಿಸಿದರು. ಆ ಮಕ್ಕಳಿಗೆ ಸೋಂಕುಗಳೂ ಬೇಗ ತಗಲುತ್ತಿದ್ದವು. 1917ರ ಕೊನೆಗೆ ಬೆಣ್ಣೆ ಪಡಿತರದ ಮೂಲಕ ಮನೆಮನೆಗೆ ಬಂತು. ಮರುವರ್ಷ ಆ ಕಣ್ಣಿನ ರೋಗ ಬಹುತೇಕ ಇಲ್ಲವಾಯಿತು.

1925ರಲ್ಲಿ ಸಂಶೋಧಕರಾದ ವೋಲ್ಬಾಕ್ ಮತ್ತು ಹೋವ್ ಇಲಿಗಳಲ್ಲಿ ಕಾರಣದ ಒಂದು ತುದಿಯನ್ನು ತೋರಿಸಿದರು. ಈ ವಿಟಮಿನ್ ಇಲ್ಲದಾಗ ಶ್ವಾಸನಾಳವೇ ಮೊದಲಾದ ಅಂಗಗಳ ತೇವದ ಒಳಪದರ ಚರ್ಮದಂತೆ ಗಡುಸಾಗುತ್ತಿತ್ತು. 1928ರಲ್ಲಿ ಗ್ರೀನ್ ಮತ್ತು ಮೆಲನ್‌ಬಿ ವಿಟಮಿನ್ ಎಯನ್ನು ಸೋಂಕು ನಿರೋಧಕವೆಂದೇ ಕರೆದರು. 1932ರಲ್ಲಿ ಲಂಡನ್ನಿನ ವೈದ್ಯ ಜೋಸೆಫ್ ಎಲಿಸನ್ ದಡಾರ ಬಂದ 600 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಮಾತ್ರ ವಿಟಮಿನ್ ಕೊಟ್ಟರು. ಪಡೆದವರಲ್ಲಿ ಸತ್ತವರು 11, ಪಡೆಯದವರಲ್ಲಿ 26.

ಇಷ್ಟು ನೇರವಾದ ಫಲಿತಾಂಶವೂ ದಶಕಗಳ ಕಾಲ ಮರೆವಿಗೆ ಸಂದದ್ದು ಸೋಜಿಗ. ಸಲ್ಫಾ ಔಷಧಿ, ಬಳಿಕ ಪೆನಿಸಿಲಿನ್ ಬಂದ ಮೇಲೆ ವೈದ್ಯಲೋಕದ ಗಮನವೆಲ್ಲ ಅತ್ತ ಹರಿಯಿತು. ವಿಟಮಿನ್ ಎ ಕಣ್ಣಿನ ವೈದ್ಯರ ಪಾಲಿಗೆ ಉಳಿಯಿತು. ಅದನ್ನು ಮರಳಿ ಎತ್ತಿದವರೂ ಕಣ್ಣಿನ ವೈದ್ಯರೇ. ಇಂಡೊನೇಷ್ಯಾದಲ್ಲಿ ಕುರುಡುತನದ ಅಧ್ಯಯನ ನಡೆಸಿದ್ದ ಆಲ್ಫ್ರೆಡ್ ಸಾಮರ್‌ಗೆ ಇರುಳುಗುರುಡಿನಂಥ ಸೌಮ್ಯ ಲಕ್ಷಣವಿದ್ದ ಮಕ್ಕಳೂ ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಸಾಯುತ್ತಿದ್ದುದು ಅಂಕಿಗಳಲ್ಲಿ ಕಂಡಿತು; ಅದು 1983ರಲ್ಲಿ ಪ್ರಕಟವಾಯಿತು. ಅದೇ ದೇಶದ ಅಚೆ ಪ್ರಾಂತದ 450 ಹಳ್ಳಿಗಳ ಪ್ರಯೋಗದಲ್ಲಿ ವಿಟಮಿನ್ ಹಂಚಿದ ಕಡೆ ಮಕ್ಕಳ ಸಾವು ಮೂರನೇ ಒಂದರಷ್ಟು ಕಡಿಮೆಯಿತ್ತು.

ಜೀವಕೋಶದ ಮಟ್ಟದ ವಿವರಣೆ ಬಂದದ್ದು ಇನ್ನೂ ತಡವಾಗಿ. ಕರುಳಿನಲ್ಲಿರುವ ಡೆಂಡ್ರಿಟಿಕ್ ಎಂಬ ರೋಗನಿರೋಧಕ ಕೋಶಗಳು ವಿಟಮಿನ್ ಎಯನ್ನು ರೆಟಿನಾಯಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಸೋಂಕಿನೊಡನೆ ಹೋರಾಡುವ ಟಿ ಕೋಶಗಳು ಕರುಳಿನತ್ತ ಹೋಗಿ ನೆಲೆಸುವಂತೆ ಈ ಆಮ್ಲ ಅವುಗಳನ್ನು ಅಣಿಗೊಳಿಸುತ್ತದೆಂದು 2004ರಲ್ಲಿ ಜಪಾನಿನ ಮಕೋಟೊ ಇವಾಟಾ ಮತ್ತು ಸಂಗಡಿಗರು ತೋರಿಸಿದರು. ಉರಿಯೂತವನ್ನು ಹದ್ದುಬಸ್ತಿನಲ್ಲಿಡುವ ನಿಯಂತ್ರಕ ಟಿ ಕೋಶಗಳು ರೂಪುಗೊಳ್ಳಲೂ ಅದೇ ಆಮ್ಲ ನೆರವಾಗುತ್ತದೆಂಬುದು 2007ರ ಹೊತ್ತಿಗೆ ತಿಳಿಯಿತು.

ಆದರೆ ವಿಟಮಿನ್ ಎ ಹಂಚಿಕೆಯ ಕುರಿತು ಉತ್ತರ ಪ್ರದೇಶದಲ್ಲಿ ಸುಮಾರು ಹತ್ತು ಲಕ್ಷ ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾವಿನ ಇಳಿಕೆ ಶೇ. 4ರಷ್ಟು ಮಾತ್ರ, ಅದೂ ಖಚಿತವೆನ್ನುವಂತಿರಲಿಲ್ಲ. ಹಾಗಾಗಿ ಎಲ್ಲ ಮಕ್ಕಳಿಗೂ ಹಂಚಬೇಕೇ ಎಂಬುದರಲ್ಲಿ ತಜ್ಞರಿಗೆ ಒಮ್ಮತವಿಲ್ಲ. ದಡಾರದ ವಿಷಯ ಬೇರೆ: ಆ ಮಕ್ಕಳಿಗೆ ಎರಡು ದಿನ ಸತತವಾಗಿ ವಿಟಮಿನ್ ಎ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಇಂದಿಗೂ ಹೇಳುತ್ತದೆ.