ಸಭೆ ಮುಗಿಸಿ ಊರಿಗೆ ವಾಪಸ್ ಹೋದವರು

ಹೋದ ಭಾನುವಾರ ರಾತ್ರಿ ಹನ್ನೊಂದರ ಹೊತ್ತಿಗೆ ಒಬ್ಬ ಹುಡುಗ ಫೋನ್ ಮಾಡಿದ್ದ. ಹೆಸರು, ಊರು ಬೇಡ. ಅವರೂರಿನ ಹೋಟೆಲಿನಲ್ಲಿ ನಮ್ಮವರಿಗೆ ಬೇರೆ ಲೋಟ ಇಟ್ಟಿದ್ದನ್ನ ಮೊಬೈಲಲ್ಲಿ ವಿಡಿಯೋ ಮಾಡಿ ದೂರು ಕೊಟ್ಟಿದ್ದಾನೆ. ಕೇಸಾಗಿದೆ. ಅವತ್ತಿನಿಂದ ಡೇರಿಯಲ್ಲಿ ಅವರಮ್ಮನ ಹಾಲು ಹಾಕಿಸ್ಕೊಳ್ತಿಲ್ಲ, "ಫ್ಯಾಟ್ ಬರ್ತಿಲ್ಲ" ಅಂತಾರಂತೆ. ಅವನ ಮೇಲೆ ಒಂದು ಕೌಂಟರ್ ಕೇಸೂ ಬಿದ್ದಿದೆ. "ಅಣ್ಣ, ನಮ್ಮಂಥೋರಿಗೆ ಗನ್‌ಮ್ಯಾನ್ ಕೊಡ್ತಾರಾ?" ಅಂದ.

ಮೊದಲು ನಗು ಬಂತು. ಆಮೇಲೆ ನಕ್ಕಿದ್ದಕ್ಕೆ ನಾಚಿಕೆ ಆಯ್ತು. ಅವನು ಕೇಳಿದ್ದು ಗನ್ನಲ್ಲ. ದೂರು ಕೊಟ್ಟ ಮಾರನೇ ದಿನದಿಂದ ನನ್ನ ಜೊತೆ ಯಾರಿರ್ತಾರೆ ಅಂತ ಕೇಳ್ತಿದ್ದ. ಆ ಪ್ರಶ್ನೆಗೆ ಸುಮಾರು ನೂರು ವರ್ಷ ಆಗಿದೆ.

ಪ್ರತಿ ಮಾರ್ಚ್ 20ಕ್ಕೆ ನಾವೆಲ್ಲ ಮಹಾಡ್ ಕೆರೆಯ ಚಿತ್ರ ಹಾಕ್ತೀವಿ. ಬಾಬಾಸಾಹೇಬರು ಬೊಗಸೆಯಲ್ಲಿ ನೀರು ಹಿಡಿದ ಚಿತ್ರ. ಹಾಕಬೇಕು, ನಾನೂ ಹಾಕ್ತೀನಿ. ಆದರೆ ನೀರು ಕುಡಿದ ಮೇಲೆ ಅವತ್ತು ಏನಾಯ್ತು ಅಂತ ಬರೆಯೋರು ಕಡಿಮೆ.

ಕಾನೂನು ಅವರ ಪರವಾಗೇ ಇತ್ತು ಅನ್ನೋದನ್ನ ಮೊದಲು ನೆನಪಿಡಿ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಮುಕ್ತ ಅಂತ 1923ರಲ್ಲೇ ಮುಂಬೈ ಶಾಸನಸಭೆ ಬೋಲೆಯವರ ನಿರ್ಣಯವನ್ನ ಒಪ್ಪಿತ್ತು. 1924ರಲ್ಲಿ ಮಹಾಡ್ ಪುರಸಭೆಯೂ ಚವದಾರ್ ಕೆರೆ ಎಲ್ಲರದ್ದು ಅಂತ ತೀರ್ಮಾನ ಮಾಡಿತ್ತು. ಕಾಗದದಲ್ಲಿ ಕೆರೆ ತೆರೆದಿತ್ತು, ಮೂರು ವರ್ಷ ಒಬ್ಬರೂ ಇಳಿದಿರಲಿಲ್ಲ. 1927ರ ಮಾರ್ಚ್ 20ರಂದು ಸಾವಿರಾರು ಜನ ಮೆರವಣಿಗೆಯಲ್ಲಿ ಹೋಗಿ ಇಳಿದರು, ಕುಡಿದರು, ಶಾಂತವಾಗಿ ಸಮಾವೇಶದ ಪೆಂಡಾಲಿಗೆ ವಾಪಸ್ ಬಂದರು. ಅಷ್ಟರಲ್ಲಿ ಪಟ್ಟಣದಲ್ಲಿ ಒಂದು ಸುಳ್ಳು ಹಬ್ಬಿತು: ಇವರು ಇನ್ನೇನು ವೀರೇಶ್ವರ ದೇವಸ್ಥಾನಕ್ಕೂ ನುಗ್ತಾರೆ ಅಂತ. (ವಾಟ್ಸ್ಆ್ಯಪ್ ಇಲ್ಲದ ಕಾಲ. ಸುಳ್ಳಿಗೆ ವಾಟ್ಸ್ಆ್ಯಪ್ ಬೇಕಿಲ್ಲ.) ದೊಣ್ಣೆ ಹಿಡಿದ ಗುಂಪು ಪೆಂಡಾಲಿಗೆ ನುಗ್ಗಿತು. ಊಟಕ್ಕೆ ಕೂತಿದ್ದವರಿಗೆ, ಊರಿಗೆ ಹೊರಟು ಗಂಟು ಕಟ್ಟುತ್ತಿದ್ದವರಿಗೆ ಹೊಡೆದರು. ಕೆಲವರು ಮುಸ್ಲಿಮರ ಮನೆ ಹೊಕ್ಕು ಜೀವ ಉಳಿಸಿಕೊಂಡರು. ನಮ್ಮವರಲ್ಲಿ ಮಿಲಿಟರಿಯಲ್ಲಿದ್ದು ಬಂದವರು ಬಹಳ ಜನ ಇದ್ದರು, ತಿರುಗಿ ಹೊಡೆಯೋಕೆ ಕೈ ತುರಿಸುತ್ತಿತ್ತು. ಬಾಬಾಸಾಹೇಬರು ತಡೆದರು.

ಇಷ್ಟು ಬಹಳ ಜನಕ್ಕೆ ಗೊತ್ತಿದೆ. ನನ್ನನ್ನ ಕಾಡೋದು ಅದರ ನಂತರದ್ದು. ಮಹಾಡಿನಲ್ಲಿ ಹೊಡೆದವರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಸುತ್ತಲ ಹಳ್ಳಿಗಳಿಗೆ ಹೇಳಿ ಕಳಿಸಿದರು: ನಿಮ್ಮೂರಿನಿಂದ ಬಂದಿದ್ದ ಮಹಾರರು ವಾಪಸ್ ಬರ್ತಿದ್ದಾರೆ, ನೋಡ್ಕೊಳ್ಳಿ. ಹಾಗೇ ಆಯ್ತು. ದಾರಿಯಲ್ಲಿ, ಊರು ಮುಟ್ಟಿದ ಮೇಲೆ, ಗಂಡಸರು ಹೆಂಗಸರು ಅನ್ನದೆ ಹೊಡೆದರು. ಸಭೆಗೆ ನಾಯಕರಿದ್ದರು, ಪತ್ರಿಕೆಯವರಿದ್ದರು, ಕೊನೇಪಕ್ಷ ಸಾವಿರ ಜನರ ಬಲ ಇತ್ತು. ಊರ ಬಾಗಿಲಿಗೆ ಬರೋ ಹೊತ್ತಿಗೆ ಅವನು ಒಬ್ಬನೇ.

ಆ ಕೇಸಿನಲ್ಲಿ ಜೂನ್ ತಿಂಗಳಲ್ಲೇ ಕೆಲವರಿಗೆ ನಾಲ್ಕು ತಿಂಗಳ ಕಠಿಣ ಸಜೆ ಆಯ್ತು. ಅಷ್ಟು ಬೇಗ ಆಗಿದ್ದು ಹೇಗೆ? ಜಿಲ್ಲೆಯ ಮುಖ್ಯ ಅಧಿಕಾರಿಗಳು ಸವರ್ಣ ಹಿಂದೂಗಳಾಗಿರಲಿಲ್ಲ, ಆಗಿದ್ದಿದ್ದರೆ ನ್ಯಾಯ ಸಿಗುತ್ತಿರಲಿಲ್ಲ ಅನ್ನೋ ಅರ್ಥದಲ್ಲಿ ಬಾಬಾಸಾಹೇಬರೇ ಹೇಳಿದ್ದಾರೆ. ಕೆರೆಯ ಹಕ್ಕಿನ ಸಿವಿಲ್ ದಾವೆ ಮಾತ್ರ ಹತ್ತು ವರ್ಷ ನಡೆದು 1937ರಲ್ಲಿ ಹೈಕೋರ್ಟಿನಲ್ಲಿ ಗೆದ್ದಿತು.

ಈಗ ನಮ್ಮ ಕಡೆಗೆ ಬರ್ತೀನಿ.

2000ದ ಮಾರ್ಚ್ 11. ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿ. ಆಗಿನ್ನೂ ಅದು ಕೋಲಾರ ಜಿಲ್ಲೆ. ಏಳು ಜನ ದಲಿತರನ್ನ ಜೀವಂತ ಸುಟ್ಟರು, ಒಂದೇ ಮನೆಯ ಹಲವರು ಅದರಲ್ಲಿದ್ದರು. ನಾನಾಗ ಡಿಗ್ರಿ ಓದ್ತಾ ಹಾಸ್ಟೆಲಿನಲ್ಲಿದ್ದೆ. ಸುದ್ದಿ ಗೊತ್ತಾಗಿದ್ದೇ ಊಟ ಬಿಟ್ಟು ಬಸ್ಸು ಹತ್ತಿದವರು ನಾವು. ರಾಜ್ಯದ ಎಲ್ಲ ಮೂಲೆಯಿಂದ ಜನ ಬಂದರು. ಗಂಟಲು ಹರಿಯೋ ತನಕ ಕೂಗಿದ್ವಿ. ಸಂಜೆ ಬಸ್ಸಿಗೆ ವಾಪಸ್ ಬಂದ್ವಿ.

ನಾವು ವಾಪಸ್ ಬಂದ್ವಿ. ಸಾಕ್ಷಿಗಳು ಅಲ್ಲೇ ಉಳಿದರು.

2006ರ ಡಿಸೆಂಬರಿನಲ್ಲಿ ಕೋಲಾರದ ನ್ಯಾಯಾಲಯ ಎಲ್ಲ ಆರೋಪಿಗಳನ್ನ ಖುಲಾಸೆ ಮಾಡಿತು. ಸಾಕ್ಷಿಗಳು ಹಾಸ್ಟೈಲ್ ಆಗಿದ್ದರು. 2014ರಲ್ಲಿ ಹೈಕೋರ್ಟೂ ಖುಲಾಸೆಯನ್ನ ಎತ್ತಿ ಹಿಡಿಯಿತು. ಏಳು ಜನ ಸುಟ್ಟುಹೋಗಿದ್ದು ನಿಜ, ಸುಟ್ಟವರು ಯಾರೂ ಇಲ್ಲ. ಆ ದಿನಗಳಲ್ಲಿ ನಮ್ಮವರೇ ಕೆಲವರು "ದುಡ್ಡು ತಗೊಂಡ್ರು ಬಿಡ್ರೀ" ಅಂತ ಮಾತಾಡಿದ್ದು ಕೇಳಿದೀನಿ. ನಾನೂ ಒಂದು ಸಲ ತಲೆಯಾಡಿಸಿದ್ದೆ. ಆರು ವರ್ಷ ಒಬ್ಬ ಕೂಲಿಯವನು ಬೆಳಗಾದರೆ ಯಾರ ಮುಖ ನೋಡ್ತಾನೆ, ಯಾರ ಹೊಲಕ್ಕೆ ಹೋಗ್ತಾನೆ, ಅವನ ಮಗಳು ಯಾವ ದಾರಿಯಲ್ಲಿ ಸ್ಕೂಲಿಗೆ ಹೋಗ್ತಾಳೆ ಅಂತ ನಾವು ಒಂದು ದಿನವಾದರೂ ಕೇಳಿದ್ವಾ? ಹಾಸ್ಟೈಲ್ ಅನ್ನೋ ಪದವೇ ನೋಡಿ. ಹಗೆಯಾದವನು ಅಂತ ಅರ್ಥ ಬರುತ್ತೆ. ಹೆದರಿದವನಿಗೆ ಕೋರ್ಟಿನ ಭಾಷೆಯಲ್ಲಿ ಬೇರೆ ಪದ ಇಲ್ಲ.

ವಿಶ್ವಸಂಸ್ಥೆ 1998ರ ಡಿಸೆಂಬರ್ 9ರಂದು ಮಾನವ ಹಕ್ಕು ರಕ್ಷಕರ ಬಗ್ಗೆ ಒಂದು ಘೋಷಣೆ ಒಪ್ಪಿಕೊಂಡಿತು. ಅದರ ಪ್ರಕಾರ ರಕ್ಷಕ ಅಂದರೆ ಲೆಟರ್‌ಹೆಡ್ ಇರೋನಲ್ಲ. ಹಕ್ಕಿಗಾಗಿ ಶಾಂತಿಯಿಂದ ಹೋರಾಡೋ ಯಾರೇ ಆದರೂ ರಕ್ಷಕರೇ. ಲೋಟದ ವಿಡಿಯೋ ಮಾಡಿದ ನಮ್ಮ ಹುಡುಗನೂ ಹೌದು, ಕಂಬಾಲಪಲ್ಲಿಯ ಸಾಕ್ಷಿಯೂ ಹೌದು. ನಮ್ಮ ದೇಶದಲ್ಲಿ ರಕ್ಷಕರಿಗೇ ಅಂತ ಪ್ರತ್ಯೇಕ ಕಾನೂನು ಇಲ್ಲ. ಆದರೆ ನಮ್ಮ ಕೈಲಿ ಒಂದಿದೆ, ನಾವೇ ಪೂರ್ತಿ ಓದಿಲ್ಲ.

ದೌರ್ಜನ್ಯ ತಡೆ ಕಾಯ್ದೆಗೆ ಆದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ. ಅದರಲ್ಲಿ 15ಎ ಅಂತ ಒಂದು ಕಲಂ ಬಂತು. ಸಂತ್ರಸ್ತರಿಗೆ, ಸಾಕ್ಷಿಗಳಿಗೆ ಬೆದರಿಕೆಯಿಂದ ರಕ್ಷಣೆ ಕೊಡೋದು ಸರ್ಕಾರದ ಕರ್ತವ್ಯ. ಓಡಾಟದ ಖರ್ಚು, ಬೇಕಾದರೆ ಬೇರೆ ಕಡೆ ವಾಸದ ವ್ಯವಸ್ಥೆ. ಆರೋಪಿ ಬೇಲ್ ಕೇಳಿದಾಗ ನಮಗೆ ನೋಟಿಸ್ ಬರಬೇಕು, ನಮ್ಮ ಮಾತು ಕೇಳಬೇಕು. ಕೊನೆಯಲ್ಲಿ ಹನ್ನೆರಡನೇ ಉಪಕಲಂ ಹೇಳುತ್ತೆ: ಸಂಘಸಂಸ್ಥೆ, ಸಮಾಜ ಕಾರ್ಯಕರ್ತರು, ವಕೀಲರ ನೆರವು ಪಡೆಯೋದು ಸಂತ್ರಸ್ತರ ಹಕ್ಕು. "ನೀನ್ಯಾರಯ್ಯ ಮಧ್ಯೆ ಬರೋಕೆ" ಅಂತ ಠಾಣೆಯಲ್ಲಿ ಕೇಳಿದಾಗ ತೋರಿಸಬೇಕಾದ ಸಾಲು ಅದು. ಸಾಮಾಜಿಕ, ಆರ್ಥಿಕ ಬಹಿಷ್ಕಾರವೂ ಅದೇ ತಿದ್ದುಪಡಿಯಿಂದ ಅಪರಾಧ. ಡೇರಿಯವರು ಇದನ್ನ ಓದ್ತಿದ್ದರೆ ಗಮನಿಸಿ. ಈ ಕಾಯ್ದೆಯ ಹಲ್ಲನ್ನ ಸುಪ್ರೀಂ ಕೋರ್ಟ್ ಸಡಿಲ ಮಾಡಿದ್ದು 2018ರ ಮಾರ್ಚ್ 20ರಂದು, ಸರಿಯಾಗಿ ಮಹಾಡ್ ದಿನವೇ. ಏಪ್ರಿಲ್ 2ರ ಬಂದ್‌ನಲ್ಲಿ ಬೀದಿಗಿಳಿದು ಪ್ರಾಣ ಕೊಟ್ಟವರಿಂದ ಅದು ಸಂಸತ್ತಿನಲ್ಲಿ ವಾಪಸ್ ಬಂತು.

ಅದೇ 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ರಕ್ಷಣಾ ಯೋಜನೆಯನ್ನ ಇಡೀ ದೇಶಕ್ಕೆ ಜಾರಿ ಮಾಡಿತು. ಅರ್ಜಿ ಜಿಲ್ಲಾ ನ್ಯಾಯಾಧೀಶರ ಸಮಿತಿ ಮುಂದೆ ಹೋಗುತ್ತೆ, ಡಿವೈಎಸ್‌ಪಿ ಐದು ದಿನದಲ್ಲಿ ಬೆದರಿಕೆ ಎಷ್ಟಿದೆ ಅಂತ ವರದಿ ಕೊಡಬೇಕು. ನಾವು ಖುಷಿಯಾಗಿ ಒಬ್ಬ ಅಕ್ಕನ ಹೆಸರಲ್ಲಿ ಅರ್ಜಿ ಹಾಕಿದ್ವಿ. ಪೊಲೀಸರು ಊರಿಗೆ ಬಂದರು. ಬಂದು ಕೂತಿದ್ದು ಆರೋಪಿಯ ಚಿಕ್ಕಪ್ಪನ ಜಗುಲಿ ಮೇಲೆ. ಅಲ್ಲೇ ಕಾಫಿ. ಅಕ್ಕನನ್ನ ಅಲ್ಲಿಗೇ ಕರೆಸಿ ಕೇಳಿದರು: "ನಿಂಗೆ ಯಾರಿಂದ ತೊಂದರೆ ಐತಮ್ಮಾ?" ಅಂಗಳದಲ್ಲಿ ನಿಂತು ಅಕ್ಕ ಏನು ಹೇಳಬೇಕು? "ಯಾರಿಂದ್ಲೂ ಇಲ್ಲ ಸ್ವಾಮಿ." ವರದಿ ಹೋಯ್ತು, ಬೆದರಿಕೆ ಇಲ್ಲ. ಅವತ್ತು ನಾನೆಲ್ಲಿದ್ದೆ? ಬೆಂಗಳೂರಿನ ಒಂದು ಸಭೆಯಲ್ಲಿ, ಇದೇ 15ಎ ಬಗ್ಗೆ ಭಾಷಣ ಮಾಡ್ತಿದ್ದೆ. ಆ ಕೇಸು ಬಿದ್ದುಹೋಯ್ತು. ಅಕ್ಕ ಈಗಲೂ ನನ್ನ ಕಂಡರೆ "ಚೆನ್ನಾಗಿದೀಯೇನಪ್ಪ" ಅಂತ ಕೇಳ್ತಾರೆ. ಬೈದಿದ್ದರೆ ಚೆನ್ನಾಗಿತ್ತು.

ಹಾಗಂತ ಏನೂ ಆಗಲ್ಲ ಅಂತಲ್ಲ. ಗಂಗಾವತಿ ತಾಲೂಕಿನ ಮರಕುಂಬಿ ನೋಡಿ. 2014ರ ಆಗಸ್ಟಿನಲ್ಲಿ ಅಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಇಟ್ಟರು. ಕ್ಷೌರದ ಅಂಗಡಿ, ಹೋಟೆಲಿನ ಪ್ರವೇಶದ ಜಗಳವೇ ಅದರ ಹಿಂದಿತ್ತು. ಹತ್ತು ವರ್ಷ ಆದ ಮೇಲೆ, 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನಕ್ಕೆ ಜೀವಾವಧಿ, ಮೂವರಿಗೆ ಐದು ವರ್ಷ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟಿನಲ್ಲಿ ಅವರಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು. ಅಂದರೆ ಸಾಕ್ಷಿ ಹೇಳಿದವರು ಮತ್ತೆ ಅದೇ ಊರಲ್ಲಿ, ಅದೇ ಬೀದಿಯಲ್ಲಿ. ನಾವು ತೀರ್ಪಿನ ದಿನ ಸ್ಟೇಟಸ್ ಹಾಕಿದ್ವಿ. ಬೇಲ್ ಸಿಕ್ಕ ದಿನ ಎಷ್ಟು ಜನ ಫೋನ್ ಮಾಡಿ ಹೇಗಿದೀರಿ ಅಂತ ಕೇಳಿದ್ವಿ?

ಹುಡುಗನಿಗೆ ಗನ್‌ಮ್ಯಾನ್ ವಿಷಯ ಹೇಳಲಿಲ್ಲ. "ಹಾಲು ವಾಪಸ್ ಕಳಿಸಿದ ಒಂದೊಂದು ದಿನವನ್ನೂ ತಾರೀಖು ಹಾಕಿ ಬರೆದಿಡು ತಮ್ಮ, ಅಮ್ಮನ ಡೇರಿ ಪುಸ್ತಕ ಜೋಪಾನ" ಅಂದೆ. ಎಸ್‌ಪಿಗೂ, ಜಿಲ್ಲಾಧಿಕಾರಿಗೂ ಅರ್ಜಿ ರೆಡಿಯಾಗಿದೆ. ಜಿಲ್ಲಾ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಲೇಬೇಕು ಅಂತ ನಿಯಮ ಇದೆ, ಕೊನೇ ಸಲ ಯಾವಾಗ ಸೇರಿತ್ತು ಅಂತ ಲಿಖಿತವಾಗಿ ಕೇಳಿದೀವಿ. ಪೊಲೀಸರು ವಿಚಾರಣೆಗೆ ಬಂದರೆ ಜಗುಲಿ ಮೇಲಲ್ಲ, ನಮ್ಮ ಕೇರಿಯಲ್ಲಿ ಅಮ್ಮನ ಮನೆ ಒಳಗೆ ಕೂತು ಕೇಳಬೇಕು. ಆಗ ನಮ್ಮಲ್ಲಿ ಒಬ್ಬರು ಅಲ್ಲಿರಬೇಕು.

ಈ ಶುಕ್ರವಾರ ಸಂಜೆ ಹೋಗ್ತಿದೀವಿ. ಶನಿವಾರ ಬೆಳಿಗ್ಗೆ ಆರೂವರೆಗೆ ಡೇರಿ ತೆಗೀತಾರೆ, ಅಮ್ಮನ ಜೊತೆ ಕ್ಯಾನ್ ಹಿಡ್ಕೊಂಡು ಕ್ಯೂನಲ್ಲಿ ನಿಲ್ತೀವಿ. ಬ್ಯಾನರ್ ಬೇಡ, ಲೈವ್ ಬೇಡ. ಭಾಷಣ ಮಾಡೋರೂ ಸದ್ಯಕ್ಕೆ ಬೇಡ. ರಾತ್ರಿ ಅಲ್ಲೇ ಉಳಿಯೋಕೆ ಆಗೋರು ಇನ್‌ಬಾಕ್ಸಿಗೆ ಬನ್ನಿ. ಚಾಪೆ, ಹೊದಿಕೆ ನೀವೇ ತನ್ನಿ.

ಜೈ ಭೀಮ್.