ವೊಲೊಗ್ದಾ ಲೇಸಿನ ಮಯೂರೀ

ಉತ್ತರ ರಷ್ಯಾದ ವೊಲೊಗ್ದಾ ಪ್ರಾಂತದ ಲೇಸಿನಲ್ಲಿ ಪದೇ ಪದೇ ಕಾಣಬರುವ ಪಕ್ಷಿಯೊಂದುಂಟು. ಅದನ್ನು ಅಲ್ಲಿಯವರು ‘ಪಾವ’ ಎನ್ನುವರು, ಹೆಣ್ಣುನವಿಲೆಂದರ್ಥ. ಗಂಭೀರಗತಿಯ ಸ್ತ್ರೀಗೂ ಆ ಭಾಷೆಯಲ್ಲಿ ಅದೇ ಹೆಸರು. ನಮ್ಮ ಕವಿಗಳ ಹಂಸಗಮನೆಯು ಇಲ್ಲಿ ಸ್ಮರಣೀಯಳು. ಈ ಪಕ್ಷಿಯು ಹಳ್ಳಿಯ ಕಸೂತಿವಸ್ತ್ರಗಳಿಂದ ಲೇಸಿಗೆ ಇಳಿದ ಬರಿಯ ಪ್ರತಿಕೃತಿಯೆಂದು ಹೇಳಿಬಿಡುವುದು ಸುಲಭ. ಆದರೆ ಎರಡರ ನಿರ್ಮಾಣಕ್ರಮವನ್ನು ಪರಿಶೀಲಿಸಿದವರಿಗೆ ಅದು ಅರ್ಧಸತ್ಯವೆಂದು ತೋರದಿರದು.

ಆ ಕಸೂತಿಯನ್ನು ಬಟ್ಟೆಯ ಎಳೆಗಳನ್ನೆಣಿಸಿ, ಎರಡು ಬದಿಗಳಲ್ಲಿಯೂ ಒಂದೇ ರೂಪ ಮೂಡುವಂತೆ ಹಾಕುವರು. ನಮ್ಮ ಧಾರವಾಡದ ಕಡೆಯ ಗವಂತಿಯ ಕ್ರಮವೂ ಇದೇ. ಎಣಿಕೆಗೆ ಕಟ್ಟುಬಿದ್ದುದರಿಂದ ಅಲ್ಲಿನ ಹಕ್ಕಿಯ ಕೊರಳೂ ಬಾಲವೂ ಮೆಟ್ಟಿಲು ಮೆಟ್ಟಿಲಾಗಿರುತ್ತವೆ.

ಲೇಸಿಗಾದರೋ ಆಧಾರವಾದ ಬಟ್ಟೆಯೇ ಇಲ್ಲ. ಗೋಡೆಯಿದ್ದರಲ್ಲವೇ ಚಿತ್ರವೆಂಬ ನ್ಯಾಯವು ಇಲ್ಲಿ ಸಲ್ಲದು. ದುಂಡು ದಿಂಬಿನ ಮೇಲೆ ಮಾದರಿಯ ಕಾಗದವನ್ನು ಹರಡಿ, ಅದರ ರಂಧ್ರಗಳಲ್ಲಿ ಗುಂಡುಸೂಜಿಗಳನ್ನು ನಿಲ್ಲಿಸಿ, ಮರದ ಕಡ್ಡಿಗಳಿಗೆ ಸುತ್ತಿದ ಅಗಸೆನಾರಿನ ನೂಲನ್ನು ದಾಟಿಸಿ ತಿರುಚುತ್ತ ಹೋಗುವರು. ಹಕ್ಕಿಯ ಆಕಾರವನ್ನು ಕಟ್ಟುವುದು ಎಡೆಬಿಡದೆ ಸಾಗುವ ಕಿರಿದಾದ ಒಂದು ಪಟ್ಟಿ. ಅದೇ ಕೊರಳಾಗಿ ಬಾಗಿ, ಎದೆಯಾಗಿ ಉಬ್ಬಿ, ಬಾಲದಲ್ಲಿ ಗರಿಗರಿಗೂ ಹೋಗಿ ಬರುತ್ತದೆ. ಪಟ್ಟಿಯು ಪಟ್ಟಿಗೆ ತಗಲಿದೆಡೆಯಲ್ಲಿ ಕೊಕ್ಕೆಸೂಜಿಯಿಂದ ಎಳೆಯನ್ನು ಸೆಳೆದು ಬಂಧಿಸುವರು. ಆದುದರಿಂದಲೇ ಎಷ್ಟು ದೊಡ್ಡ ಹಕ್ಕಿಗೂ ಕಡ್ಡಿಗಳು ಕೆಲವೇ ಜೋಡಿ ಸಾಕು. ಬಂಧಗಳಿಲ್ಲದ ಕ್ರಮದಲ್ಲಿ ಅಗಲ ಹೆಚ್ಚಿದಂತೆಲ್ಲ ಜೋಡಿಗಳೂ ಹೆಚ್ಚಬೇಕು. ಇಂಥ ಪಟ್ಟಿಗೆ ಮೆಟ್ಟಿಲಿನ ಮೂಲೆಗಳು ಒಗ್ಗುವುದಿಲ್ಲ. ತಿರುವಿನ ಒಳಬದಿಯಲ್ಲಿ ಸೂಜಿಗಳು ಇಡುಕಿರಿದು ಹೊರಬದಿಯಲ್ಲಿ ವಿರಳವಾಗುವುವು. ಹಕ್ಕಿಯು ತಾನಾಗಿಯೇ ದುಂಡಗಾಗುವುದು. ಲೇಸಿಗೆ ರಷ್ಯನ್ನರಿಟ್ಟ ‘ಕ್ರೂಜೆವ’ ಎಂಬ ಹೆಸರೂ ವರ್ತುಲವಾಚಕವಾದ ಧಾತುವಿನಿಂದಲೇ ಬಂದುದು. ಅಂಚನ್ನು ಸುತ್ತುವುದೆಂದು ಅದರ ಮೂಲಾರ್ಥ. ನಮ್ಮ ಹಕ್ಕಿಗೂ ಅದು ಅನ್ವರ್ಥವಾಗಿದೆ.

ಮಾದರಿಯ ಕಾಗದವು ಸವೆದಾಗ ಅದರಡಿಯಲ್ಲಿ ಹೊಸತೊಂದನ್ನಿಟ್ಟು, ಹಳೆಯ ರಂಧ್ರಗಳ ಮೂಲಕವೇ ಚುಚ್ಚಿ ಪ್ರತಿಮಾಡುವ ವಾಡಿಕೆಯಿತ್ತು. ಹಸ್ತಪ್ರತಿಗಳನ್ನು ಸಂಶೋಧಿಸುವವರಿಗೆ ಮುಂದಿನದನ್ನು ಹೇಳಬೇಕಾದುದಿಲ್ಲ. ಆದರೆ ಇಲ್ಲಿನ ಪಾಠಾಂತರಗಳೆಲ್ಲವನ್ನೂ ಲಿಪಿಕಾರನ ಸ್ಖಾಲಿತ್ಯವೆಂದು ಭಾವಿಸಲಾಗದು. ಒಂದು ಗರಿಯನ್ನು ಬಿಟ್ಟದ್ದು, ಒಂದು ತಿರುವನ್ನು ಸಡಿಲಿಸಿದ್ದು ನೂಲಿನ ಸ್ವಭಾವವನ್ನು ಬಲ್ಲ ಕೈಯ ತಿದ್ದುಪಡಿಯೂ ಆಗಿರಬಹುದು. ಸೋಫಿಯಾ ದವಿದೋವಾ ಎಂಬ ವಿದುಷಿಯು 1892ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ‘ರಷ್ಯಾದ ಲೇಸು ಮತ್ತು ರಷ್ಯಾದ ಲೇಸುಗಾರ್ತಿಯರು’ ಎಂದು ಹೆಸರಿಟ್ಟಳು. ಆ ಉತ್ತರಪದವನ್ನು ಸೇರಿಸಿದ್ದು ಔಚಿತ್ಯಪೂರ್ಣವಾದುದು.