ಆಸ್ಪತ್ರೆ ಗೋಡೆಯ ಬೋರ್ಡುಗಳಿಗೂ ಒಂದು ಇತಿಹಾಸವಿದೆ

ತಾಲ್ಲೂಕು ಕೇಂದ್ರದ ಯಾವ ಖಾಸಗಿ ನರ್ಸಿಂಗ್ ಹೋಮಿಗೆ ಹೋದರೂ ನಮ್ಮ ಕಣ್ಣು ಮೊದಲು ಹೋಗುವುದು ಟೋಕನ್ ಕೊಡುವ ಕೌಂಟರಿನ ಕಡೆಗೆ. ಸರದಿ ಎಷ್ಟನೆಯದು, ಡಾಕ್ಟರು ಬಂದರಾ, ಎಷ್ಟು ದುಡ್ಡು ಹಿಡಿಯಬಹುದು ಎಂಬ ಚಿಂತೆಯಲ್ಲೇ ಇರುತ್ತೇವೆ. ಕೌಂಟರಿನ ಹಿಂದಿನ ಗೋಡೆಯನ್ನು ಓದುವವರು ಕಡಿಮೆ. ಅಲ್ಲಿ ಗಾಜಿನ ಫ್ರೇಮಿನೊಳಗೆ ಒಂದು ನೋಂದಣಿ ಪತ್ರ ಇರುತ್ತದೆ. ಸ್ಕ್ಯಾನಿಂಗ್ ಕೋಣೆಯ ಹತ್ತಿರ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಬೋರ್ಡು. ಜೊತೆಗೆ ದರಪಟ್ಟಿ, ರೋಗಿಗಳ ಹಕ್ಕುಗಳ ಪಟ್ಟಿ ಕೂಡ ಇರಬೇಕು.

ಈ ಬರಹದಲ್ಲಿ ನಾವು ಆ ಗೋಡೆಯನ್ನೇ ಓದಲು ಹೊರಟಿದ್ದೇವೆ. ಈ ಬೋರ್ಡುಗಳ ಹಿಂದೆ ಯಾರೋ ಪಟ್ಟ ಪಾಡು ಇದೆ, ಯಾರೋ ಹೂಡಿದ ದಾವೆ ಇದೆ, ಬೀದಿಗಿಳಿದ ಜಗಳವೂ ಇದೆ. ಅದು ಗೊತ್ತಿದ್ದರೆ ಕೌಂಟರಿನ ಮುಂದೆ ನಿಂತಾಗ ಕೇಳಬೇಕಾದ್ದನ್ನು ಕೇಳಲು ಬಾಯಿ ಬರುತ್ತದೆ.

ಮೊದಲು ನೋಂದಣಿ ಪತ್ರ

ಮೈಸೂರು ಸಂಸ್ಥಾನದಲ್ಲಿ 1931ರಲ್ಲೇ ವೈದ್ಯರ ನೋಂದಣಿಗೆ ಕಾಯ್ದೆ ಬಂದಿತ್ತು. 1956ರಲ್ಲಿ ರಾಜ್ಯ ಒಂದಾದ ಮೇಲೆ ಇಡೀ ನಾಡಿಗೆ ಅನ್ವಯಿಸುವಂತೆ 1961ರಲ್ಲಿ ಇನ್ನೊಂದು ಕಾಯ್ದೆಯಾಯಿತು. ಈ ಕಾಯ್ದೆಗಳು ಮುಖ್ಯವಾಗಿ ನೋಡುತ್ತಿದ್ದುದು ಒಂದನ್ನು: ಈ ಮನುಷ್ಯ ಓದಿದ ಡಾಕ್ಟರೋ ಅಲ್ಲವೋ? ಅವರು ಕೂತ ಕಟ್ಟಡ ಹೇಗಿದೆ, ಎಷ್ಟು ಹಾಸಿಗೆ, ಎಷ್ಟು ನರ್ಸು, ಬಿಲ್ಲು ಎಷ್ಟು ಎಂಬುದು ಅವುಗಳ ವಿಷಯವಾಗಿರಲಿಲ್ಲ. ಆಗ ಹಳ್ಳಿಯವರಿಗೆ ಗೊತ್ತಿದ್ದದ್ದು ಸರ್ಕಾರಿ ದವಾಖಾನೆ, ಮಿಷನ್ ಆಸ್ಪತ್ರೆ, ಇಲ್ಲವೇ ಒಬ್ಬರೇ ಡಾಕ್ಟರು ಕೂರುವ ಸಣ್ಣ ಕ್ಲಿನಿಕ್ಕು.

ಹಾಸಿಗೆ ಹಾಕಿ ದಾಖಲು ಮಾಡಿಕೊಳ್ಳುವ ಖಾಸಗಿ ನರ್ಸಿಂಗ್ ಹೋಮುಗಳು ಹೆಚ್ಚಾದಾಗ 1976ರಲ್ಲಿ ಅವುಗಳಿಗೆಂದೇ ಒಂದು ನಿಯಂತ್ರಣ ಕಾಯ್ದೆ ಬಂತು. 2007ರಲ್ಲಿ ಅದನ್ನು ತೆಗೆದು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ತಂದರು. ಜನರ ಬಾಯಲ್ಲಿ ಅದು ಕೆಪಿಎಂಇ. ಆಸ್ಪತ್ರೆ ಮಾತ್ರವಲ್ಲ, ಕ್ಲಿನಿಕ್ಕು, ರಕ್ತಪರೀಕ್ಷೆಯ ಲ್ಯಾಬು, ಸ್ಕ್ಯಾನಿಂಗ್ ಸೆಂಟರು, ಆಯುರ್ವೇದ, ಹೋಮಿಯೋಪತಿ ಚಿಕಿತ್ಸಾಲಯ ಎಲ್ಲವೂ ಇದರಡಿ ಬಂದವು. ನೋಂದಣಿ ಇಲ್ಲದೆ ಬಾಗಿಲು ತೆಗೆಯುವುದು ಅಪರಾಧವಾಯಿತು. ಗೋಡೆಯ ಮೇಲಿನ ಪತ್ರ ಈ ಕಾಯ್ದೆಯದು. ಹಳ್ಳಿಯಲ್ಲಿ ಎಲ್ಲ ಕಾಯಿಲೆಗೂ ಒಂದೇ ಸೂಜಿ ಚುಚ್ಚುವ ನಕಲಿ ಡಾಕ್ಟರ ಗೋಡೆಯಲ್ಲಿ ಈ ಪತ್ರ ಇರುವುದಿಲ್ಲ. ಅಸಲಿ ನಕಲಿ ಗುರುತಿಸಲು ಅದು ನಮಗೆ ಸಿಗುವ ಮೊದಲ ಸುಳಿವು.

ರಸ್ತೆಯಲ್ಲಿ ಬಿದ್ದವನ ಪ್ರಶ್ನೆ

ಅಪಘಾತವಾದವರನ್ನು ಕರೆದೊಯ್ದರೆ "ಇದು ಪೊಲೀಸ್ ಕೇಸು, ದೊಡ್ಡಾಸ್ಪತ್ರೆಗೆ ಹೋಗಿ" ಅನ್ನುವುದು ಒಂದು ಕಾಲಕ್ಕೆ ಮಾಮೂಲಾಗಿತ್ತು. ಒಮ್ಮೆ ಕಾರು ಡಿಕ್ಕಿ ಹೊಡೆದು ಸ್ಕೂಟರ್ ಸವಾರನೊಬ್ಬ ಬಿದ್ದ. ಹತ್ತಿರದ ಆಸ್ಪತ್ರೆಯವರು ಅವನನ್ನು ಮುಟ್ಟಲಿಲ್ಲ. ಪೊಲೀಸ್ ಕೇಸು ನೋಡಲು ಅನುಮತಿ ಇರುವ ಆಸ್ಪತ್ರೆ ಸುಮಾರು 20 ಕಿಲೋಮೀಟರ್ ಆಚೆಗಿದೆ, ಅಲ್ಲಿಗೆ ಒಯ್ಯಿರಿ ಅಂದರು. ಅವನು ದಾರಿಯಲ್ಲೇ ಸತ್ತ.

ಈ ಸುದ್ದಿ ಪತ್ರಿಕೆಯಲ್ಲಿ ಬಂತು. ಅದನ್ನು ಓದಿದ ಪರಮಾನಂದ ಕಟಾರಾ ಎಂಬುವರು ಅದನ್ನೇ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. 1989ರ ಆಗಸ್ಟಿನಲ್ಲಿ ತೀರ್ಪು ಬಂತು. ಸರ್ಕಾರಿ ಆಗಲಿ ಖಾಸಗಿ ಆಗಲಿ, ಪ್ರತಿಯೊಬ್ಬ ಡಾಕ್ಟರೂ ಮೊದಲು ಜೀವ ಉಳಿಸುವ ಕೆಲಸ ಮಾಡಬೇಕು, ಪೊಲೀಸರ ಕಾಗದಪತ್ರ ಆಮೇಲೆ ಎಂದಿತು ಕೋರ್ಟು. ಪತ್ರಿಕೋದ್ಯಮ ಓದಿ ಬಂದ ನಮಗೆ ಈ ಪ್ರಕರಣ ಹತ್ತಿರದ್ದು ಅನಿಸುತ್ತದೆ. ಪತ್ರಿಕೆಯ ಒಂದು ವರದಿ ಇಡೀ ದೇಶದ ಡಾಕ್ಟರ ಕರ್ತವ್ಯವನ್ನು ಹೀಗೆ ಬರೆಸಿತು.

ಆಮೇಲೆ ಪಶ್ಚಿಮ ಬಂಗಾಳದ ಒಂದು ಪ್ರಕರಣ. 1992ರಲ್ಲಿ ಅಲ್ಲಿನ ಕೃಷಿ ಕೂಲಿ ಕಾರ್ಮಿಕನೊಬ್ಬ ರೈಲಿನಿಂದ ಬಿದ್ದು ತಲೆಗೆ ಏಟು ಮಾಡಿಕೊಂಡ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸೌಲಭ್ಯವಿಲ್ಲ ಎಂದರು. ಅಲ್ಲಿಂದ ಕಲ್ಕತ್ತಾದ ಒಂದೊಂದೇ ಸರ್ಕಾರಿ ಆಸ್ಪತ್ರೆಗೆ ಸುತ್ತಿದರೂ ಹಾಸಿಗೆ ಇಲ್ಲ, ಯಂತ್ರ ಇಲ್ಲ ಎಂಬ ಉತ್ತರ. ಕೊನೆಗೆ ಖಾಸಗಿಯಲ್ಲಿ ಸುಮಾರು 17,000 ರೂಪಾಯಿ ಸುರಿದು ಬದುಕಿದ. ಅವನ ಕಾರ್ಮಿಕ ಸಂಘ ಕೋರ್ಟಿಗೆ ಹೋಯಿತು. 1996ರಲ್ಲಿ ಸುಪ್ರೀಂ ಕೋರ್ಟು ಅವನಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ತುರ್ತು ಚಿಕಿತ್ಸೆ ಸಿಗುವುದು ಬದುಕುವ ಹಕ್ಕಿನ ಭಾಗ, ದುಡ್ಡಿಲ್ಲ ಎಂಬುದು ಸರ್ಕಾರದ ನೆಪವಾಗಕೂಡದು ಎಂದಿತು.

ಗಾಯಾಳುವನ್ನು ಕರೆತಂದವರ ಹೆದರಿಕೆಗೂ ಒಂದು ಕಾನೂನು ಬೇಕಾಯಿತು. ಸಹಾಯ ಮಾಡಲು ಹೋದವರನ್ನೇ ಸಾಕ್ಷಿ ಹೇಳೆಂದು ಕೋರ್ಟಿಗೆ ಅಲೆಸುತ್ತಾರೆಂಬ ಭಯಕ್ಕೆ ಎಷ್ಟೋ ಜನ ಕಂಡೂ ಕಾಣದಂತೆ ಹೋಗುತ್ತಿದ್ದರು. ಅಂಥವರ ರಕ್ಷಣೆಗೆ 2016ರಲ್ಲಿ ಕರ್ನಾಟಕದ ಶಾಸನಸಭೆಯೇ ಒಂದು ಕಾಯ್ದೆ ಒಪ್ಪಿತು.

ರೋಗಿಯೂ ಗ್ರಾಹಕ

1986ರಲ್ಲಿ ಗ್ರಾಹಕರ ಕಾಯ್ದೆ ಬಂದಾಗ ಒಂದು ತಕರಾರು ಎದ್ದಿತು. ಕೆಟ್ಟ ಪಂಪ್‌ಸೆಟ್ ಕೊಟ್ಟ ಅಂಗಡಿಯವನ ಮೇಲೆ ಹಾಕಿದಂತೆ ಡಾಕ್ಟರ ಮೇಲೂ ಗ್ರಾಹಕರ ಕೋರ್ಟಿನಲ್ಲಿ ದೂರು ಹಾಕಬಹುದೇ? ವೈದ್ಯರ ಸಂಘ ಇದನ್ನು ಒಪ್ಪಲಿಲ್ಲ. ವಾದ ಸುಪ್ರೀಂ ಕೋರ್ಟಿನ ತನಕ ಹೋಗಿ 1995ರ ನವೆಂಬರಿನಲ್ಲಿ ತೀರ್ಮಾನವಾಯಿತು. ದುಡ್ಡು ತೆಗೆದುಕೊಂಡು ಕೊಡುವ ಚಿಕಿತ್ಸೆ ಕೂಡ ಸೇವೆ, ಆದ್ದರಿಂದ ದೂರು ಕೊಡಬಹುದು. ಯಾರಿಂದಲೂ ಏನೂ ಪಡೆಯದೆ ಎಲ್ಲರಿಗೂ ಪುಕ್ಕಟೆ ನೋಡುವ ಆಸ್ಪತ್ರೆ ಮಾತ್ರ ಇದರಿಂದ ಹೊರಗೆ. ಕೆಲವರಿಂದ ದುಡ್ಡು ಪಡೆದು ಕೆಲವರಿಗೆ ಬಿಟ್ಟಿ ನೋಡುವ ಕಡೆ, ಬಿಟ್ಟಿ ನೋಡಿಸಿಕೊಂಡವರಿಗೂ ದೂರಿನ ಹಕ್ಕಿದೆ.

ಡಾಕ್ಟರ ಕಡೆಯ ಅಳಲನ್ನೂ ಕಾನೂನು ಕೇಳಿದೆ. ರೋಗಿ ಉಳಿಯಲಿಲ್ಲ ಎಂದ ಮಾತ್ರಕ್ಕೆ ಕ್ರಿಮಿನಲ್ ಕೇಸು ಹಾಕಿ ಬಂಧಿಸುವುದು ಸರಿಯಲ್ಲ, ದೊಡ್ಡ ನಿರ್ಲಕ್ಷ್ಯವಿರಬೇಕು, ಅದಕ್ಕೆ ಇನ್ನೊಬ್ಬ ವೈದ್ಯರ ಅಭಿಪ್ರಾಯವಿರಬೇಕು ಎಂದು 2005ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆಸ್ಪತ್ರೆ ಸಿಬ್ಬಂದಿಯ ಮೇಲೆ ಕೈಮಾಡುವುದರ ವಿರುದ್ಧ 2009ರಲ್ಲಿ ಕರ್ನಾಟಕ ಪ್ರತ್ಯೇಕ ಕಾಯ್ದೆ ಮಾಡಿತು. ದುಃಖದ ಸಿಟ್ಟಿನಲ್ಲಿ ಗಾಜು ಒಡೆದರೆ ನ್ಯಾಯ ನಮ್ಮ ಕಡೆಗಿದ್ದರೂ ಕೇಸು ನಮ್ಮ ಮೇಲೇ ಬೀಳುತ್ತದೆ.

ಸ್ಕ್ಯಾನಿಂಗ್ ಕೋಣೆಯ ಬೋರ್ಡು

ಗರ್ಭದಲ್ಲಿನ ಮಗುವಿನ ಆರೋಗ್ಯ ನೋಡಲು ಬಂದ ಯಂತ್ರ ಹೆಣ್ಣು ಮಗುವನ್ನು ಹುಡುಕಿ ತೆಗೆಸುವ ಯಂತ್ರವಾಯಿತು. 1994ರಲ್ಲಿ ಸಂಸತ್ತು ಭ್ರೂಣಲಿಂಗ ಪತ್ತೆಗೆ ನಿಷೇಧ ಹಾಕಿತು, 1996ರಿಂದ ಕಾಯ್ದೆ ಜಾರಿಯಾಯಿತು. ಆದರೆ ಅದು ಪುಸ್ತಕದಲ್ಲೇ ಉಳಿಯಿತು. 1991ರ ಜನಗಣತಿಯಲ್ಲಿ ದೇಶದಲ್ಲಿ ಆರು ವರ್ಷದೊಳಗಿನ 1,000 ಗಂಡು ಮಕ್ಕಳಿಗೆ 945 ಹೆಣ್ಣು ಮಕ್ಕಳಿದ್ದರು. 2001ರಲ್ಲಿ ಅದು 927ಕ್ಕೆ ಇಳಿಯಿತು. ಕಾಯ್ದೆ ಇದ್ದೂ ಜಾರಿಯಾಗುತ್ತಿಲ್ಲ ಎಂದು ಡಾ. ಸಾಬು ಜಾರ್ಜ್ ಮತ್ತು ಎರಡು ಸಂಸ್ಥೆಗಳು ಸುಪ್ರೀಂ ಕೋರ್ಟಿಗೆ ಹೋದ ಮೇಲೆ ರಾಜ್ಯಗಳಿಗೆ ಬಿಸಿ ಮುಟ್ಟಿತು. 2003ರಲ್ಲಿ ಕಾಯ್ದೆಯನ್ನು ಇನ್ನಷ್ಟು ಬಿಗಿ ಮಾಡಿದರು.

ಈಗ ಗರ್ಭಿಣಿಯ ಪ್ರತಿ ಸ್ಕ್ಯಾನಿಗೂ ಎಫ್ ಫಾರಂ ತುಂಬಬೇಕು. ಒಂದು ಕಾಲಂ ಬಿಟ್ಟು ಹೋದರೂ ಜೈಲಿನ ಭಯವೇ ಎಂದು ಪ್ರಸೂತಿ ವೈದ್ಯರ ಸಂಘ ಸುಪ್ರೀಂ ಕೋರ್ಟಿನಲ್ಲಿ ವಾದಿಸಿತು. ಆ ಫಾರಮ್ಮೇ ಕಾಯ್ದೆಯ ಜೀವ, ಅದನ್ನು ಬರೀ ಗುಮಾಸ್ತಿಕೆಯ ತಪ್ಪು ಎಂದು ಬಿಡಲಾಗದು ಎಂದು 2019ರಲ್ಲಿ ಕೋರ್ಟು ಹೇಳಿತು. ಹಾಗಿದ್ದೂ 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬೆಳಕಿಗೆ ಬಂತು. ಬೋರ್ಡು ಆಸ್ಪತ್ರೆಯ ಗೋಡೆಯಲ್ಲಿತ್ತು, ದಂಧೆ ಬೆಲ್ಲ ಕಾಯಿಸುವ ಕಡೆ ನಡೆಯುತ್ತಿತ್ತು. ಹೋಗಿ ಕೇಳುವ ಮನೆಗಳು ಇರುವವರೆಗೆ ಯಂತ್ರಕ್ಕೆ ಜಾಗ ಸಿಗುತ್ತದೆ ಎಂಬುದನ್ನು ನಾವು ಹಳ್ಳಿಯವರೇ ಒಪ್ಪಿಕೊಳ್ಳಬೇಕು.

ದರಪಟ್ಟಿಗಾಗಿ ನಡೆದ ಜಗಳ

2007ರ ಕಾಯ್ದೆಯಲ್ಲಿ ಬಿಲ್ಲಿನ ಬಗ್ಗೆ ಹಲ್ಲು ಇರಲಿಲ್ಲ ಎಂಬ ದೂರು ಇದ್ದೇ ಇತ್ತು. ಅದನ್ನು ತಿದ್ದಲು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಅವರ ನೇತೃತ್ವದಲ್ಲಿ ಸರ್ಕಾರ ಸಮಿತಿ ಮಾಡಿತು. 2017ರಲ್ಲಿ ಆರೋಗ್ಯ ಸಚಿವರಾಗಿದ್ದ ಕೆ.ಆರ್. ರಮೇಶ್ ಕುಮಾರ್ ತಿದ್ದುಪಡಿ ಮಸೂದೆ ತಂದರು. ದರವನ್ನು ಸರ್ಕಾರವೇ ನಿಗದಿ ಮಾಡುವುದು, ಮೀರಿದರೆ ಜೈಲು, ಜಿಲ್ಲೆಗೊಂದು ದೂರು ಸಮಿತಿ ಇವೆಲ್ಲ ಅದರಲ್ಲಿದ್ದವು.

ವೈದ್ಯರು ಸಿಡಿದೆದ್ದರು. ಬೆಳಗಾವಿಯಲ್ಲಿ ಅಧಿವೇಶನ ನಡೆಯುತ್ತಿದ್ದ ನವೆಂಬರಿನಲ್ಲಿ ಅಲ್ಲಿಗೇ ಹೋಗಿ ಧರಣಿ ಕೂತರು. ರಾಜ್ಯದ ಬಹುಪಾಲು ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗಕ್ಕೆ ಬೀಗ ಬಿತ್ತು. ಜನ ಸರ್ಕಾರಿ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೊಂದಿಗೆ ಮಾತುಕತೆಯಾಗಿ ಮುಷ್ಕರ ನಿಂತಿತು.

ವೈದ್ಯರ ಮಾತಿನಲ್ಲೂ ಹುರುಳಿತ್ತು. ಹೋಬಳಿಯಲ್ಲಿ ಹತ್ತು ಹಾಸಿಗೆ ಇಟ್ಟುಕೊಂಡ ದಂಪತಿ ಡಾಕ್ಟರಿಗೂ ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಗೂ ಒಂದೇ ಜೈಲು ಶಿಕ್ಷೆ ತೋರಿಸಿದರೆ ಮೊದಲು ಬಾಗಿಲು ಹಾಕುವವರು ಹೋಬಳಿಯವರು. ಸರ್ಕಾರಿ ಆಸ್ಪತ್ರೆಗಳನ್ನೂ ಕಾಯ್ದೆಯೊಳಗೆ ತನ್ನಿ ಎಂದು ಸಮಿತಿಯೇ ಹೇಳಿದ್ದರೂ ಸರ್ಕಾರ ತನ್ನ ಆಸ್ಪತ್ರೆಗಳನ್ನು ಹೊರಗಿಟ್ಟದ್ದು ಯಾಕೆ ಎಂಬ ಅವರ ಪ್ರಶ್ನೆಯೂ ನ್ಯಾಯದ್ದೇ.

ಅದೇ ಅಧಿವೇಶನದಲ್ಲಿ ಮಸೂದೆ ಸಡಿಲಗೊಂಡು ಪಾಸಾಯಿತು. ಹೆಚ್ಚು ದರ ಹಿಡಿದದ್ದಕ್ಕೆ ಜೈಲು ಎಂಬುದು ಹೋಯಿತು. ಸರ್ಕಾರದ ದರ ಸರ್ಕಾರಿ ಯೋಜನೆಯಡಿ ಬರುವ ರೋಗಿಗಳಿಗೆ ಎಂದಾಯಿತು. ಬೇರೆ ದೂರು ಸಮಿತಿಯ ಬದಲು ಜಿಲ್ಲಾಧಿಕಾರಿಯ ನೇತೃತ್ವದ ನೋಂದಣಿ ಪ್ರಾಧಿಕಾರಕ್ಕೇ ದೂರು ಕೇಳುವ ಕೆಲಸ ಕೊಟ್ಟರು.

ಆದರೆ ಉಳಿದದ್ದೂ ಸಣ್ಣದಲ್ಲ. ಆಸ್ಪತ್ರೆ ತನ್ನ ದರಪಟ್ಟಿಯನ್ನು ಜನರ ಕಣ್ಣಿಗೆ ಬೀಳುವಂತೆ ಹಾಕಬೇಕು. ತುರ್ತು ಸ್ಥಿತಿಯಲ್ಲಿ ಮುಂಗಡ ಕಟ್ಟಿದರಷ್ಟೇ ಚಿಕಿತ್ಸೆ ಎನ್ನುವಂತಿಲ್ಲ. ರೋಗಿಗಳ ಹಕ್ಕುಗಳ ಪಟ್ಟಿ ಕಾಯ್ದೆಯ ಭಾಗವಾಯಿತು. ಎಲ್ಲಕ್ಕಿಂತ ಹೆಚ್ಚಾಗಿ, ರೋಗಿ ತೀರಿಕೊಂಡರೆ ಬಾಕಿ ಕಟ್ಟುವ ತನಕ ಹೆಣ ಕೊಡುವುದಿಲ್ಲ ಎನ್ನುವಂತಿಲ್ಲ. ಬಾಕಿ ವಸೂಲಿ ಆಮೇಲಿನ ಮಾತು. ಶವಾಗಾರದ ಮುಂದೆ ನಿಂತು ಮಾಂಗಲ್ಯ ಅಡ ಇಡಲು ಓಡಿದ ಮನೆಯವರಿಗೆ ಈ ಸಾಲಿನ ಬೆಲೆ ಗೊತ್ತು.

ಓದದಿದ್ದರೆ ಬೋರ್ಡು ಬರೀ ತಗಡು

ಇಷ್ಟು ವರ್ಷಗಳ ಕಥೆಯಲ್ಲಿ ನಮಗೆ ಕಂಡದ್ದು ಇದು: ಕಾನೂನು ಬದಲಾದಾಗ ಆಸ್ಪತ್ರೆಯವರಿಗೆ ಸುತ್ತೋಲೆ ಹೋಗುತ್ತದೆ, ಅವರ ಸಂಘಕ್ಕೆ ವಕೀಲರಿದ್ದಾರೆ, ಮುಷ್ಕರ ಹೂಡುವ ಬಲವಿದೆ. ರೋಗಿಗೆ ಸಂಘವಿಲ್ಲ. ಊರಿನವರಿಗೆ ಯಾರೂ ಸುತ್ತೋಲೆ ಕಳಿಸುವುದಿಲ್ಲ. ಅದಕ್ಕೇ ಹಕ್ಕು ಇದ್ದೂ ಕೇಳುವವರಿಲ್ಲದೆ ಉಳಿಯುತ್ತದೆ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಟೋಕನ್ ತೆಗೆದುಕೊಂಡು ಕೂತ ಹೊತ್ತಿನಲ್ಲಿ ಗೋಡೆ ನೋಡಿ. ನೋಂದಣಿ ಪತ್ರ ಇದೆಯಾ, ದರಪಟ್ಟಿ ಇದೆಯಾ? ಇಲ್ಲದಿದ್ದರೆ ಜಗಳಕ್ಕೆ ನಿಲ್ಲಬೇಡಿ, "ದರಪಟ್ಟಿ ಎಲ್ಲಿ ಹಾಕಿದ್ದೀರಿ ಮೇಡಂ?" ಎಂದು ಕೇಳಿ. ಕೊಟ್ಟ ದುಡ್ಡಿಗೆಲ್ಲ ರಸೀದಿ ಪಡೆಯಿರಿ, ಡಿಸ್ಚಾರ್ಜ್ ಕಾಗದ ಜೋಪಾನ ಮಾಡಿ. ಅನ್ಯಾಯ ಅನಿಸಿದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ, ಜಿಲ್ಲಾಧಿಕಾರಿಗೆ ಬರವಣಿಗೆಯಲ್ಲಿ ದೂರು ಕೊಟ್ಟು, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ಬರೆಯಲು ಬಾರದ ಅಜ್ಜಿ ಜೊತೆಗಿದ್ದರೆ ಬರೆದುಕೊಡುವ ಕೆಲಸ ಫೋನು ಹಿಡಿದು ಇದನ್ನು ಓದುತ್ತಿರುವ ನಿಮ್ಮದು.